ಕರಿಯನ ಲೆಕ್ಕದಲ್ಲಿ ಹನ್ನೆರಡು ದಿನ

ನಮ್ಮ ನಾಯಿ ಕರಿಯನನ್ನು ಕರೆದುಕೊಂಡು ಅಮೆರಿಕದ ನ್ಯಾಷನಲ್ ಪಾರ್ಕ್‌ಗಳನ್ನು ಕಾರಿನಲ್ಲಿ ಸುತ್ತಿ ಬಂದೆವು. ಮೊದಲ ಪ್ಲಾನ್ ಪೂರ್ತಿ ನಮ್ಮ ಆಸೆಯದ್ದು. ಯೂಟಾದ ಆರ್ಚಸ್ ಪಾರ್ಕಿನಲ್ಲಿ ಡೆಲಿಕೇಟ್ ಆರ್ಚ್ ಅನ್ನುವ ಕಲ್ಲಿನ ಕಮಾನಿನವರೆಗೆ ಹತ್ತಬೇಕು, ಅದೇ ರಾಜ್ಯದ ಝಯಾನ್ ಪಾರ್ಕಿನಲ್ಲಿ ನದಿಯೊಳಗೇ ನಡೆಯಬೇಕು ಅಂತೆಲ್ಲ ಬರೆದಿಟ್ಟಿದ್ದೆವು. ಆಮೇಲೆ ಒಂದು ರಾತ್ರಿ ಕೂತು ಒಂದೊಂದು ಪಾರ್ಕಿನ ನಾಯಿ ನಿಯಮ ಓದಿದೆ. ಅರ್ಧ ಪ್ಲಾನ್ ಅಲ್ಲೇ ಮಣ್ಣುಪಾಲಾಯಿತು.

ಅಮೆರಿಕದ ನ್ಯಾಷನಲ್ ಪಾರ್ಕ್‌ಗಳಿಗೆ ನಾಯಿ ಬರಬಹುದು, ನಿಜ. ಆದರೆ ಹೆಚ್ಚಿನ ಕಡೆ ಅದಕ್ಕೆ ಸಿಗುವುದು ರಸ್ತೆ, ಪಾರ್ಕಿಂಗ್ ಜಾಗ ಮತ್ತು ಕ್ಯಾಂಪ್‌ಗ್ರೌಂಡ್ ಅಷ್ಟೇ. ಆರು ಅಡಿಗಿಂತ ಉದ್ದದ ಹಗ್ಗ ಕಟ್ಟುವ ಹಾಗಿಲ್ಲ. ಹಾಗಾಗಿ ಯಾವ ಪಾರ್ಕ್ ಚಂದ ಅನ್ನುವುದನ್ನು ಬಿಟ್ಟು, ಕರಿಯ ಎಲ್ಲಿ ಇಳಿಯಬಹುದು ಅನ್ನುವುದರ ಮೇಲೆ ದಾರಿ ಹಾಕಿದೆವು. ಡೆನ್ವರ್‌ನಿಂದ ಹೊರಟು ಮತ್ತೆ ಡೆನ್ವರ್‌ಗೆ, ಸುಮಾರು 1,800 ಮೈಲಿ. ಹೊರಟಿದ್ದು ಮೇ ಕೊನೆಯಲ್ಲಿ. ಅದೇ ನಮ್ಮ ಮೊದಲ ತಪ್ಪು.

ಕೊಲೊರಾಡೊದ ಗ್ರೇಟ್ ಸ್ಯಾಂಡ್ ಡ್ಯೂನ್ಸ್‌ನಲ್ಲಿ ನಾಯಿಗೆ ಮರಳಿನ ಮೇಲೆ ಓಡಾಡಲು ಜಾಗವಿದೆ. ಆ ದಿನಗಳಲ್ಲಿ ದಿಬ್ಬಗಳ ಬುಡದಲ್ಲೇ ಮೆಡಾನೊ ಹೊಳೆ ಹರಿಯುತ್ತದೆ. ನೀರು ಕಾಲು ಮುಳುಗುವಷ್ಟೇ, ಆದರೆ ಕೊರೆಯುವಷ್ಟು ತಣ್ಣಗೆ. ಕರಿಯ ಅದರಲ್ಲಿ ಹೊರಳಾಡಿದ. ಹೊಳೆ ದಾಟಿ ಮರಳು ಹತ್ತಲು ಶುರು ಮಾಡಿದಾಗ ಇನ್ನೂ ಹತ್ತೂವರೆ ಗಂಟೆ. ಗಾಳಿ ತಂಪಾಗಿತ್ತು. ಇವನು ಇದ್ದಕ್ಕಿದ್ದಂತೆ ನಿಂತ. ಮುಂದಿನ ಕಾಲು ಒಂದಾದ ಮೇಲೊಂದು ಎತ್ತತೊಡಗಿದ. ಹಟ ಅಂದುಕೊಂಡು ಹಗ್ಗ ಎಳೆದೆ. ಆಮೇಲೆ ಅಂಗೈ ಹಿಂಭಾಗವನ್ನು ಮರಳಿಗೆ ಒತ್ತಿ ನೋಡಿದರೆ ಮೂರು ಸೆಕೆಂಡು ಇಡಲಾಗಲಿಲ್ಲ. ಬೇಸಿಗೆಯ ಮಧ್ಯಾಹ್ನ ಆ ಮರಳು 65 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ನಮ್ಮ ಕಾಲಲ್ಲಿ ಬೂಟು ಇತ್ತಲ್ಲ, ಗೊತ್ತಾಗಲಿಲ್ಲ. ನಮ್ಮನೆಯವರು 28 ಕಿಲೋ ನಾಯಿಯನ್ನು ಹೆಗಲ ಮೇಲೆ ಹೊತ್ತು ಹೊಳೆಗೆ ವಾಪಸ್ ಬಂದರು. ಅಂಗಾಲು ಸ್ವಲ್ಪ ಕೆಂಪಾಗಿತ್ತು, ಪುಣ್ಯಕ್ಕೆ ಗುಳ್ಳೆ ಏಳಲಿಲ್ಲ. ನಾಯಿಗೆಂದೇ ಕೊಂಡಿದ್ದ ಬೂಟುಗಳು ಆಗ ಡಿಕ್ಕಿಯಲ್ಲಿದ್ದವು, ಪ್ಯಾಕೆಟ್ ಕೂಡ ಒಡೆದಿರಲಿಲ್ಲ! ಮನೆಯಲ್ಲೇ ಎರಡು ವಾರ ಮೊದಲು ಹಾಕಿ ರೂಢಿ ಮಾಡಿಸಬೇಕಿತ್ತು. ಅವತ್ತು ಸಂಜೆ ಹಾಕಿದರೆ ಹೊಸ ಚಪ್ಪಲಿ ಕಚ್ಚಿದವರ ಥರ ನಡೆದ.

ಅಲ್ಲಿಂದ ಮುಂದೆ ನಡೆಯುವುದೆಲ್ಲ ಬೆಳಿಗ್ಗೆ ಎಂಟರೊಳಗೆ ಇಲ್ಲವೇ ಸೂರ್ಯ ಇಳಿದ ಮೇಲೆ. ಹೆಚ್ಚುಕಮ್ಮಿ ಆದ ದಿನ ಬೂಟು.

ನನ್ನನ್ನು ಕೇಳಿದರೆ ಇಡೀ ಪ್ರವಾಸದಲ್ಲಿ ನಾಯಿಗೆ ಹೇಳಿ ಮಾಡಿಸಿದ ಜಾಗ ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್. ಹಗ್ಗ ಇದ್ದರೆ ಸಾಕು, ಟ್ರೇಲ್‌ಗಳಲ್ಲೂ, ಅಂದರೆ ಕಾಲುದಾರಿಗಳಲ್ಲೂ, ನಡೆಯಬಹುದು. ಜನ ಇದನ್ನು ದಾರಿಯಲ್ಲಿ ಸಿಗುವ ಜಾಗ ಅಂತ ಸುಮ್ನೆ ದಾಟಿಬಿಡುತ್ತಾರೆ. 20 ಕೋಟಿ ವರ್ಷಕ್ಕೂ ಹಿಂದಿನ, ಕಲ್ಲಾಗಿ ಹೋದ ಮರದ ದಿಮ್ಮಿಗಳು ಸುತ್ತಲೂ ಬಿದ್ದಿರುತ್ತವೆ. ಕರಿಯನಿಗೆ ಮರ ಅಂದರೆ ಮರ. ಕಾಲೆತ್ತುವ ಮೊದಲೇ ಎಳೆದುಕೊಂಡೆ.

ಗ್ರ್ಯಾಂಡ್ ಕ್ಯಾನಿಯನ್‌ಗೆ ಬಂದಾಗ ಪಾಳಿ ಶುರುವಾಯಿತು. ಕಣಿವೆಯ ದಕ್ಷಿಣ ಅಂಚಾದ ಸೌತ್ ರಿಮ್‌ನಲ್ಲಿ ಅಂಚಿನುದ್ದಕ್ಕೂ ಇರುವ ರಿಮ್ ಟ್ರೇಲ್‌ಗೆ ನಾಯಿ ಬರಬಹುದು, ಕಣಿವೆಯೊಳಗೆ ಇಳಿಯುವಂತಿಲ್ಲ, ಶಟಲ್ ಬಸ್ಸಿಗೂ ಹತ್ತುವಂತಿಲ್ಲ. ಲಸಿಕೆ ಪತ್ರ ತೋರಿಸಿದರೆ ನಾಯಿ ಬಿಡಲು ಕೆನಲ್ ಇದೆ. ಆದರೆ ಹೊಸ ಜಾಗದಲ್ಲಿ ಇವನನ್ನು ಬಿಡಲು ಮನಸ್ಸಾಗಲಿಲ್ಲ. "ಇವತ್ತು ನೀನು ಹೋಗು, ನಾಳೆ ನಾನು" ಅಂದರು ಇವರು. ನಾನು ಬೆಳಗಿನ ಬಸ್ ಹಿಡಿದು ಸೌತ್ ಕೈಬಾಬ್ ದಾರಿಯಲ್ಲಿ ಊ-ಆಹ್ ಪಾಯಿಂಟ್‌ವರೆಗೆ ಇಳಿದು ಬಂದೆ. ಮಾರನೇ ದಿನ ಅವರು ಹೋದರು. ಇಬ್ಬರೂ ಒಂದೇ ಜಾಗದಲ್ಲಿ, ಒಬ್ಬೊಬ್ಬರೇ ತೆಗೆದ ಫೋಟೊ ನಮ್ಮ ಹತ್ತಿರ ಇದೆ. ಜಗಳ ಮಾಡಿಕೊಂಡು ಬಂದವರ ಹಾಗೆ ಕಾಣುತ್ತದೆ, ಅಲ್ವಾ?

ಕಾರಿನಲ್ಲಿ ಬಿಟ್ಟು ಹೋಗಬಹುದಲ್ಲ ಅಂತ ಎಷ್ಟೋ ಜನ ಕೇಳಿದರು. ಹೊರಗೆ 21 ಡಿಗ್ರಿ ಇದ್ದರೂ ಹತ್ತೇ ನಿಮಿಷದಲ್ಲಿ ಒಳಗೆ 30 ದಾಟುತ್ತದೆ. ಕಿಟಕಿ ಎರಡು ಬೆರಳು ತೆರೆದಿಟ್ಟರೆ ಏನೂ ಪ್ರಯೋಜನವಿಲ್ಲ. ಟಾಯ್ಲೆಟ್‌ಗೆ ಹೋಗುವಾಗಲೂ ನಾವು ಒಬ್ಬರು ಕಾರಿನ ಹತ್ತಿರವೇ ಇದ್ದೆವು.

ಕ್ಯಾಂಪ್‌ಗ್ರೌಂಡ್‌ನಲ್ಲಿ ಒಂದು ಬೆಳಗಿನ ಜಾವ ಕರಿಯ ಗುರುಗುಟ್ಟತೊಡಗಿದ. ಟೆಂಟಿನ ಜಿಪ್ ನಾಲ್ಕು ಬೆರಳು ಎಳೆದು ನೋಡಿದರೆ ಹತ್ತಡಿ ದೂರದಲ್ಲಿ ಕುದುರೆಯಷ್ಟು ದೊಡ್ಡ ಎಲ್ಕ್ ಅನ್ನುವ ಜಿಂಕೆ ಜಾತಿಯ ಹೆಣ್ಣು ಹುಲ್ಲು ಕಡಿಯುತ್ತಿತ್ತು. ಅವನ ಬಾಯಿಯನ್ನು ಕೈಯಲ್ಲಿ ಹಿಡಿದು ಕೂತೆ. ಮರಿ ಹಾಕುವ ಕಾಲದಲ್ಲಿ ಎಲ್ಕ್ ನಾಯಿಯ ಮೇಲೆ ಏರಿ ಬರುತ್ತದೆ. ಅದು ಅರ್ಧ ಗಂಟೆ ಮೇಯ್ದು ಹೋಯಿತು. ನನ್ನ ಕೈ ಜೋಮು ಹಿಡಿದಿತ್ತು.

ಝಯಾನ್‌ನಲ್ಲಿ ನಾಯಿಗೆ ಇರುವುದು ಒಂದೇ ಟ್ರೇಲ್, ಪರೂಸ್. ವರ್ಜಿನ್ ನದಿಯ ಪಕ್ಕದಲ್ಲೇ ಹೋಗುವ ಟಾರು ದಾರಿ. ನೀರು ಕಂಡರೆ ಕರಿಯ ಎಳೆಯುತ್ತಾನೆ, ಆದರೆ ಅಲ್ಲಿ ಬಿಡಬಾರದು. ಆ ನದಿಯಲ್ಲಿ ಸೈನೋಬ್ಯಾಕ್ಟೀರಿಯಾ ಅನ್ನುವ ವಿಷದ ಪಾಚಿ ಬೆಳೆಯುತ್ತದೆ. 2020ರ ಜುಲೈನಲ್ಲಿ ಆ ನೀರಲ್ಲಿ ಆಡಿದ ನಾಯಿಮರಿಯೊಂದು ಸತ್ತಿತ್ತು. ನಾನು ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ನಡೆದೆ. ಒಂದು ಹೆಜ್ಜೆಯೂ ಆರಾಮಾಗಿ ಇಡಲಿಲ್ಲ. ಬ್ರೈಸ್ ಕ್ಯಾನಿಯನ್ ಪಾರ್ಕಿನಲ್ಲಿ ಸನ್‌ಸೆಟ್ ಪಾಯಿಂಟ್‌ನಿಂದ ಸನ್‌ರೈಸ್ ಪಾಯಿಂಟ್‌ವರೆಗಿನ ಅರ್ಧ ಮೈಲಿ ಮಾತ್ರ ಸಿಕ್ಕಿತು, ಆದರೆ ಎತ್ತರದ ಜಾಗವಾದ್ದರಿಂದ ತಂಪಾಗಿತ್ತು.

ಆರ್ಚಸ್‌ನ ಟ್ರೇಲ್‌ಗಳಿಗೆ ನಾಯಿ ಕಾಲಿಡುವಂತಿಲ್ಲ. ಅದರ ಬದಲು ಹತ್ತಿರದ ಡೆಡ್ ಹಾರ್ಸ್ ಪಾಯಿಂಟ್‌ಗೆ ಹೋದೆವು. ಅದು ಸ್ಟೇಟ್ ಪಾರ್ಕ್, ಅಂದರೆ ರಾಜ್ಯ ಸರ್ಕಾರದ್ದು, ನಡೆಯುವ ದಾರಿಗಳಲ್ಲಿ ನಾಯಿಗೆ ಅಡ್ಡಿಯಿಲ್ಲ. ಎರಡು ಸಾವಿರ ಅಡಿ ಕೆಳಗೆ ಕೊಲೊರಾಡೊ ನದಿ ತಿರುಗುವುದನ್ನು ಅವತ್ತು ಮೂವರೂ ಒಟ್ಟಿಗೆ ನೋಡಿದೆವು. ಮೂವರಲ್ಲಿ ಒಬ್ಬ ನೋಡಿದ್ದು ಹಲ್ಲಿಯನ್ನು.

ಮುಂದಿನ ಸಲ ಹೋದರೆ ಅಕ್ಟೋಬರ್‌ನಲ್ಲಿ. ಝಯಾನ್ ಬಿಟ್ಟು, ಆ ಎರಡು ದಿನವನ್ನು ಪೆಟ್ರಿಫೈಡ್ ಫಾರೆಸ್ಟ್‌ಗೆ ಕೊಡಬೇಕು ಅಂತಿದ್ದೇನೆ. ಇವರಿಗೆ ಇನ್ನೂ ಹೇಳಿಲ್ಲ.