ಬೋರ್ಡ್ ಬರೆಯುತ್ತಿದ್ದವನು ಟೆಸ್ಟರ್ ಆದದ್ದು

ಚಿತ್ರಕಲೆ ಕಲಿತವನು ಸಾಫ್ಟ್‌ವೇರ್ ಕಂಪನಿ ಸೇರಿದ ಅಂದರೆ ಎಲ್ಲರೂ ಮೊದಲು ಕೇಳುವುದು, ‘ಡಿಸೈನ್ ಮಾಡ್ತೀರೇನ್ರಿ?’ ಅಂತ. ಇಲ್ಲ, ನಾನು ಟೆಸ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಕಂಪನಿ ಪುಣೆಯದು, ನಾನು ಕೂರುವುದು ವಿಜಯಪುರದ ಮನೆಯಲ್ಲೇ. ಆಗಾಗ ಸೊಲ್ಲಾಪುರದ ಮೇಲೆ ಹಾಯ್ದು ಹೋಗಿ ಮುಖ ತೋರಿಸಿ ಬರುತ್ತೇನೆ. ಈ ಕಡೆ ಹೇಗೆ ಬಂದಿರಿ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ್ ಆಗಿದ್ದೆ. ಸಂಜೆ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದೆ. ಆಮೇಲೆ ಫ್ಲೆಕ್ಸ್ ಬಂತು. ಬ್ರಷ್ ಹಿಡಿದವರೆಲ್ಲ ಒಬ್ಬೊಬ್ಬರಾಗಿ ಪ್ರಿಂಟಿಂಗ್ ಅಂಗಡಿ ಸೇರಿದರು. ನಾನೂ ಗಾಂಧಿ ಚೌಕದ ಹತ್ತಿರ ಒಂದು ಕಡೆ ಕೋರೆಲ್ ಡ್ರಾದಲ್ಲಿ ನುಡಿ ಫಾಂಟ್ ಹಾಕಿಕೊಂಡು ಹುಟ್ಟುಹಬ್ಬದ ಬ್ಯಾನರ್ ಮಾಡಿದೆ. ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ ಗಣಿತದವರ ಪಾಲಾಗತೊಡಗಿತು. ಬೇರೆ ದಾರಿ ನೋಡಲೇಬೇಕಿತ್ತು.

ನಮ್ಮ ಕಾಕಾನ ಮಗ ಪುಣೆಯಲ್ಲಿ ಟೆಸ್ಟಿಂಗ್‌ನಲ್ಲೇ ಇದ್ದಾನೆ. ದೀಪಾವಳಿಗೆ ಬಂದಾಗ ತಾನು ಟೆಸ್ಟ್ ಮಾಡುತ್ತಿದ್ದ ಆಪ್ ತೋರಿಸಿದ. ಸ್ವಸಹಾಯ ಸಂಘಗಳ ಉಳಿತಾಯ, ಸಾಲದ ಲೆಕ್ಕ ಇಡುವ ಆಪ್. ಅದರಲ್ಲಿ ಕನ್ನಡವೂ ಇತ್ತು. ನೋಡಿದ ಕೂಡಲೇ, ‘ಅಣ್ಣಾ, ಇದರಾಗ ಒತ್ತು ಎಲ್ಲಿ ಹೋತು?’ ಅಂದೆ. ಬಟನ್ ಮೇಲೆ ‘ಸ್ತ್ರೀ ಶಕ್ತಿ ಸಂಘ’ ಅಂತಿತ್ತು. ‘ಸ್ತ್ರೀ’ಯ ಒತ್ತುಗಳು ಬಟನ್ನಿನ ಕೆಳಗಿನ ಅಂಚಿಗೆ ಸಿಕ್ಕಿ ಅರ್ಧ ಕತ್ತರಿಸಿಹೋಗಿದ್ದವು. ‘ಶಕ್ತಿ’ಯ ಒತ್ತಿಗೂ ಅದೇ ಗತಿ. ಅವನು ದಿನಾ ನೋಡುವ ಸ್ಕ್ರೀನ್ ಅದು.

ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ಕನ್ನಡ ಬೋರ್ಡ್ ಬರೆಯುವಾಗ ಸುಣ್ಣದ ದಾರ ಹೊಡೆಯುವ ಹೊತ್ತಿಗೇ ನಾವು ಮೂರು ಗೆರೆ ಹಾಕಿಕೊಳ್ಳುತ್ತಿದ್ದೆವು. ತಲೆಕಟ್ಟಿಗೆ ಒಂದು, ಅಕ್ಷರದ ಬುಡಕ್ಕೆ ಒಂದು, ಒತ್ತಿಗೆ ಒಂದು. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಎರಡೇ ಸಾಕು. ಆ ಬಟನ್ನಿನ ಎತ್ತರ ಇಂಗ್ಲಿಷ್ ನೋಡಿ ಇಟ್ಟದ್ದು, ಕನ್ನಡವನ್ನು ಆಮೇಲೆ ತಂದು ತುರುಕಿದ್ದರು.

‘ಹೌದಲ್ಲೋ ತಮ್ಮಾ. ಇದನ್ನ ಬರದು ಕೊಡು ನೋಡೂಣು’ ಅಂದ. ನನ್ನ ನಿಜವಾದ ಕಲಿಕೆ ಶುರುವಾದದ್ದು ಅಲ್ಲಿ. ‘ಒತ್ತು ಕತ್ತರಿಸಿದೆ’ ಅಂತ ಒಂದೇ ಸಾಲು ಬರೆದರೆ ಕೋಡ್ ಬರೆದವನು ‘ನನ್ನ ಫೋನಿನಲ್ಲಿ ಸರಿ ಇದೆ’ ಅಂತ ವಾಪಸ್ ಕಳಿಸುತ್ತಾನೆ. ಯಾವ ಫೋನ್, ಯಾವ ಆಂಡ್ರಾಯ್ಡ್, ಆಪ್‌ನ ಯಾವ ಆವೃತ್ತಿ, ಫೋನಿನಲ್ಲಿ ಅಕ್ಷರದ ಗಾತ್ರ ಎಷ್ಟಕ್ಕೆ ಇಟ್ಟಿದೆ, ಇವೆಲ್ಲ ಮೊದಲು ಬರೆಯಬೇಕು. ಆಮೇಲೆ ಲಾಗಿನ್ ಆಗುವುದರಿಂದ ಹಿಡಿದು ಆ ಬಟನ್ ಕಾಣುವವರೆಗಿನ ಒಂದೊಂದು ಹೆಜ್ಜೆ. ಏನು ಕಾಣಬೇಕಿತ್ತು, ಏನು ಕಾಣುತ್ತಿದೆ. ಜೊತೆಗೆ ಸ್ಕ್ರೀನ್‌ಶಾಟ್. ಓದಿದವನು ನಿಮಗೆ ಫೋನ್ ಮಾಡದೆಯೇ ಅದೇ ತಪ್ಪನ್ನು ತನ್ನ ಫೋನಿನಲ್ಲಿ ತಂದುಕೊಳ್ಳುವ ಹಾಗಿರಬೇಕು.

ಕಲೆಯಿಂದ ಬಂದವರಿಗೆ ‘ನಿಮ್ಮ ಕ್ರಿಯೇಟಿವಿಟಿ ಇಲ್ಲಿ ಉಪಯೋಗಕ್ಕೆ ಬರುತ್ತೆ’ ಅಂತ ಎಲ್ಲರೂ ಹೇಳುತ್ತಾರೆ. ನನಗಂತೂ ಅದು ಅಷ್ಟಾಗಿ ಬರಲಿಲ್ಲ. ಬಂದದ್ದು ಸ್ಟಿಲ್ ಲೈಫ್ ಕ್ಲಾಸು. ಎದುರಿಗೆ ಕೊಡ ಇಟ್ಟರೆ, ಕೊಡ ಹೇಗಿರುತ್ತದೆ ಅಂತ ತಲೆಯಲ್ಲಿ ಇರುವುದನ್ನು ಬಿಡಿಸುವ ಹಾಗಿಲ್ಲ. ಅದರ ಬಾಯಿ ಸೊಟ್ಟಗಿದ್ದರೆ ಸೊಟ್ಟಗೇ ಬಿಡಿಸಬೇಕು. ಕೋಡ್ ಬರೆದವನಿಗೆ ಬಟನ್ ಹೇಗಿರಬೇಕು ಅನ್ನುವುದು ಎಷ್ಟು ಚೆನ್ನಾಗಿ ಗೊತ್ತಿರುತ್ತದೆ ಅಂದರೆ, ಅದು ಹೇಗಿದೆ ಅನ್ನುವುದು ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಬಣ್ಣದ ಅಭ್ಯಾಸವೂ ಕೈಹಿಡಿಯಿತು, ಆದರೆ ಇಲ್ಲಿ ಕಣ್ಣಳತೆ ನಡೆಯುವುದಿಲ್ಲ. ಬಿಳಿ ಮೇಲೆ ತಿಳಿ ಬೂದು ಅಕ್ಷರ ಓದಲು ಕಷ್ಟ ಅಂತ ಸುಮ್ನೆ ಹೇಳಿದರೆ ಅದು ನಿಮ್ಮ ಅಭಿಪ್ರಾಯ. ವೆಬ್‌ಪುಟಗಳು ಎಲ್ಲರಿಗೂ ಓದಲು ಬರಬೇಕು ಅಂತ ಮಾಡಿರುವ ಡಬ್ಲ್ಯುಸಿಎಜಿ ನಿಯಮದ ಎಎ ಮಟ್ಟದಲ್ಲಿ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ ಇರಬೇಕು. ಅಳೆಯುವ ಟೂಲ್ ಪುಕ್ಕಟೆ ಸಿಗುತ್ತದೆ. ಅಳೆದು ಅಂಕಿ ಬರೆದರೆ ವಾದ ಅಲ್ಲಿಗೇ ಮುಗಿಯಿತು.

ನನಗೆ ಬೆವರು ಇಳಿಸಿದ್ದು ಡೇಟಾಬೇಸ್. ಸ್ಕ್ರೀನಿನಲ್ಲಿ ‘ಹಣ ಜಮಾ ಆಯಿತು’ ಅಂತ ಬಂದರೆ ಸಾಲದು, ಒಳಗೆ ಟೇಬಲ್‌ನಲ್ಲಿ ನಿಜವಾಗಿ ಜಮಾ ಆಗಿದೆಯಾ, ಎರಡು ಸಲ ಆಗಿಲ್ಲ ತಾನೇ, ಅಂತ ನೋಡಲು ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆ) ಬೇಕು. ಸೆಲೆಕ್ಟ್, ವೇರ್ ಸಲೀಸು. ಎರಡು ಟೇಬಲ್ ಜೋಡಿಸಿ ನೋಡುವ ಜಾಯಿನ್ ತಲೆಗೆ ಹೋಗಲು ಬಹಳ ಕಾಲ ಹಿಡಿಯಿತು. ಆಮೇಲೆ ಸರ್ವರಿಗೆ ನೇರವಾಗಿ ಕೋರಿಕೆ ಕಳಿಸಿ ಉತ್ತರ ನೋಡುವ ಪೋಸ್ಟ್‌ಮ್ಯಾನ್ ಟೂಲ್ ಕಲಿತೆ, ಬ್ರೌಸರಿನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ಓದುವುದನ್ನು ಕಲಿತೆ. ಸರ್ವರ್ 200 (‘ಸರಿ’ ಅನ್ನುವ ಸಂಕೇತ) ಕೊಟ್ಟಿತು ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ, ಒಳಗಿನ ಉತ್ತರದಲ್ಲಿ ತಪ್ಪು ಸಂದೇಶ ಅಡಗಿರಬಹುದು. ಅದನ್ನು ತೆರೆದು ಓದಬೇಕು.

ಟೆಸ್ಟರುಗಳಿಗೆಂದೇ ಇರುವ ಐಎಸ್‌ಟಿಕ್ಯೂಬಿ ಫೌಂಡೇಶನ್ ಪರೀಕ್ಷೆಯನ್ನೂ ಬರೆದೆ. ಅದಕ್ಕೆ ಇಂಥದೇ ಡಿಗ್ರಿ ಬೇಕು ಅಂತಿಲ್ಲ, ನಮ್ಮಂಥವರಿಗೆ ಅದೇ ಅನುಕೂಲ. 40 ಪ್ರಶ್ನೆ, 60 ನಿಮಿಷ, 26 ಸರಿಯಾದರೆ ಪಾಸು. ಪರೀಕ್ಷೆಯ ಭಾಷೆ ಮಾತೃಭಾಷೆ ಅಲ್ಲದಿದ್ದರೆ 15 ನಿಮಿಷ ಹೆಚ್ಚು ಸಿಗುತ್ತದೆ. ಸರ್ಟಿಫಿಕೇಟ್ ನೋಡಿ ಯಾರೂ ಕೆಲಸ ಕೊಡಲಿಲ್ಲ, ಆದರೆ ಇಂಟರ್‌ವ್ಯೂನಲ್ಲಿ ಅವರಾಡುವ ಮಾತು ಅರ್ಥವಾಯಿತು. ವಯಸ್ಸು 18ರಿಂದ 60 ಅಂತಿದ್ದರೆ 17, 18, 60, 61 ಹಾಕಿ ನೋಡುವುದು ಯಾಕೆ ಅಂತ ಈ ಓದಿನಿಂದಲೇ ತಿಳಿದದ್ದು. ತಪ್ಪುಗಳು ಜಾಸ್ತಿ ಸಿಗುವುದು ಅಂಚಿನಲ್ಲೇ.

ಕನ್ನಡ ಬಲ್ಲ ಟೆಸ್ಟರಿಗೆ ಇನ್ನೊಂದು ಕೆಲಸ ಇದೆ, ಇದರ ಕಡೆ ನೋಡುವವರು ಕಡಿಮೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯುನಿಕೋಡ್‌ನಲ್ಲಿ ಅದು ಆರು. ಸ, ವಿರಾಮ (ಅರ್ಧಾಕ್ಷರದ ಗುರುತು), ತ, ವಿರಾಮ, ರ, ದೀರ್ಘದ ಗುರುತು. ಹೆಸರಿಗೆ ಇಪ್ಪತ್ತು ಅಕ್ಷರದ ಮಿತಿ ಇಟ್ಟರೆ ಇಂಗ್ಲಿಷ್ ಹೆಸರು ಹಿಡಿಸುತ್ತದೆ, ನಮ್ಮ ಸಂಘದ ಹೆಸರು ನಡುವೆಯೇ ತುಂಡಾಗುತ್ತದೆ. ಎಸ್‌ಎಂಎಸ್‌ನಲ್ಲೂ ಹಾಗೆಯೇ. ಇಂಗ್ಲಿಷ್ ಆದರೆ ಒಂದು ಮೆಸೇಜಿಗೆ 160, ಕನ್ನಡ ಆದರೆ 70. ‘ಕಂತು ಕಟ್ಟಿ’ ಅನ್ನುವ ಎರಡು ಸಾಲಿನ ನೆನಪೋಲೆ ಎರಡು ಮೆಸೇಜಾಗಿ ಹೋದರೆ ಕಂಪನಿಗೆ ಖರ್ಚು ದುಪ್ಪಟ್ಟು. ಮ್ಯಾನೇಜರುಗಳಿಗೆ ಒತ್ತಕ್ಷರದ ಅಂದ ಬೇಡ, ಈ ಲೆಕ್ಕ ತಕ್ಷಣ ಅರ್ಥವಾಗುತ್ತದೆ.

ಈಗಿನ ಕಂಪನಿಯ ಇಂಟರ್‌ವ್ಯೂನಲ್ಲಿ ಒಂದು ವಿಳಾಸದ ಫಾರ್ಮ್ ಮುಂದಿಟ್ಟು, ‘ಹೇಗೆ ಟೆಸ್ಟ್ ಮಾಡ್ತೀರಿ?’ ಅಂದರು. ಪಿನ್‌ಕೋಡಿಗೆ ಐದು ಅಂಕಿ, ಏಳು ಅಂಕಿ, ಖಾಲಿ, ಇವನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದೆ. ಸೊನ್ನೆಯಿಂದ ಶುರುವಾಗುವ ಪಿನ್ ಹಾಕುತ್ತೇನೆ ಅಂದೆ, ನಮ್ಮ ದೇಶದಲ್ಲಿ ಅಂಥ ಪಿನ್ ಇಲ್ಲ. ಆಮೇಲೆ ಊರಿನ ಪಟ್ಟಿಯಲ್ಲಿ ವಿಜಯಪುರ ಅಂತ ಹುಡುಕಿದೆ. ಬಂದದ್ದು ಬೆಂಗಳೂರು ಗ್ರಾಮಾಂತರದ್ದು, ದೇವನಹಳ್ಳಿ ತಾಲ್ಲೂಕಿನ ವಿಜಯಪುರ. ನಮ್ಮೂರಿನ ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ. ಆ ಪಟ್ಟಿಯಲ್ಲಿ ಮಾತ್ರ ಇನ್ನೂ ಬಿಜಾಪುರ ಅಂತಲೇ ಇತ್ತು, ಛತ್ತೀಸ್‌ಗಢದ ಬಿಜಾಪುರದ ಪಕ್ಕದಲ್ಲಿ. ‘ಸರ್, ಹೊಸ ಹೆಸರು ಹುಡುಕಿದವನ ಪಾರ್ಸೆಲ್ ದೇವನಹಳ್ಳಿಗೆ ಹೋಗುತ್ತೆ. ಹಳೇದು ಹುಡುಕಿದವನು ಕೈತಪ್ಪಿ ಕೆಳಗಿನದನ್ನು ಒತ್ತಿದರೆ ಛತ್ತೀಸ್‌ಗಢಕ್ಕೆ. ಎರಡು ಹೆಸರಿಗೂ ನಮ್ಮೂರು ಸಿಗಬೇಕು, ಪಿನ್ 586ರಿಂದ ಶುರುವಾದರೆ ಜಿಲ್ಲೆಯೂ ಅದಕ್ಕೆ ತಾಳೆಯಾಗಬೇಕು’ ಅಂದೆ. ಅವರು ಮರಾಠಿಯವರು. ‘ನಮ್ಮ ಔರಂಗಾಬಾದಿಗೂ ಇದೇ ಪಾಡು’ ಅಂತ ನಕ್ಕರು. ಅಲ್ಲಿಂದ ಮುಂದೆ ಇಂಟರ್‌ವ್ಯೂ ಮಾತುಕತೆಯ ಥರ ನಡೆಯಿತು.

ಅದಕ್ಕೂ ಮೊದಲು ಒಂದು ತರಬೇತಿ ಕೇಂದ್ರದವರು ಎರಡು ವರ್ಷದ ಅನುಭವ ಇದೆ ಅಂತ ಸುಳ್ಳು ಪತ್ರ ಮಾಡಿಕೊಡುತ್ತೇವೆ, ದುಡ್ಡು ಕೊಡಿ ಅಂದಿದ್ದರು. ಈ ಲೈನಿನಲ್ಲಿ ಇದು ಮಾಮೂಲು ಅಂತ ಧೈರ್ಯ ಬೇರೆ. ಎದ್ದು ಬಂದೆ. ಪಿಎಫ್ ಖಾತೆಯ ಯುಎಎನ್ ನಂಬರಿನಲ್ಲಿ ಎಲ್ಲೆಲ್ಲಿ, ಯಾವಾಗ ಕೆಲಸ ಮಾಡಿದಿರಿ ಅನ್ನುವುದು ಸಿಗುತ್ತದೆ. ಕಂಪನಿಗಳು ಅದನ್ನು ತೆಗೆದು ನೋಡುತ್ತವೆ. ಸೇರಿದ ಮೇಲೆ ಸಿಕ್ಕಿಬಿದ್ದವರೂ ಇದ್ದಾರೆ.

ಸಂಬಳದ ಮಾತು. ಮೊದಲ ಸಂಬಳ ಶಾಲೆಯದ್ದಕ್ಕಿಂತ ಜಾಸ್ತಿ ಇತ್ತು ನಿಜ, ಪುಣೆಯ ಬಾಡಿಗೆ ಕಳೆದರೆ ಅಷ್ಟಕ್ಕಷ್ಟೇ. ಮನೆಯಿಂದ ಕೆಲಸ ಮಾಡಲು ಬಿಟ್ಟ ಮೇಲೆ ಉಸಿರಾಡಿದೆ. ಬರೀ ಕೈಯಿಂದ ಟೆಸ್ಟ್ ಮಾಡುತ್ತಿದ್ದರೆ ಸಂಬಳ ಒಂದು ಹಂತಕ್ಕೆ ನಿಲ್ಲುತ್ತದೆ, ಹಾಗಾಗಿ ಈಗ ಕೋಡ್ ಬರೆದು ಟೆಸ್ಟುಗಳನ್ನು ತಾವಾಗಿ ನಡೆಯುವಂತೆ ಮಾಡುವ ಸೆಲೆನಿಯಂ ಕಲಿಯುತ್ತಿದ್ದೇನೆ. ಕೋಡ್ ಬರೆಯುವುದು ನನಗೆ ಇವತ್ತಿಗೂ ಪ್ರೀತಿಯ ಕೆಲಸ ಅಲ್ಲ.

ಶುರು ಮಾಡುವವರು ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಫೋನಿನಲ್ಲಿ ಇರುವ ಯಾವುದಾದರೂ ಒಂದು ಆಪ್ ತೆಗೆದುಕೊಳ್ಳಿ. ಭಾಷೆ ಕನ್ನಡಕ್ಕೆ ಬದಲಾಯಿಸಿ, ಅಕ್ಷರ ದೊಡ್ಡದು ಮಾಡಿ, ನೆಟ್ ಆಫ್ ಮಾಡಿ, ಒಂದೊಂದೇ ಸ್ಕ್ರೀನ್ ತೆರೆಯಿರಿ. ಸಿಕ್ಕ ತಪ್ಪುಗಳನ್ನು ಮೇಲೆ ಹೇಳಿದ ಹಾಗೆ ಹೆಜ್ಜೆ ಹೆಜ್ಜೆಯಾಗಿ ಬರೆಯಿರಿ. ಇಂಗ್ಲಿಷ್ ಸರಳವಾಗಿದ್ದರೆ ಸಾಕು, ವ್ಯಾಕರಣಕ್ಕೆ ಹೆದರಬೇಡಿ. ಅದರಲ್ಲಿ ಚೆನ್ನಾಗಿರುವ ಎರಡು ಮೂರನ್ನು ರೆಸ್ಯೂಮೆ ಜೊತೆ ಲಗತ್ತಿಸಿ ಕಳಿಸಿ. ಡಿಗ್ರಿ ಕಾಲಂನಲ್ಲಿ ಚಿತ್ರಕಲೆ ಅಂತ ಇರುವುದನ್ನು ಮುಚ್ಚಿಡಬೇಡಿ, ಅವರು ಹೇಗೂ ಕೇಳುತ್ತಾರೆ.