ಲಿವರ್ ರೈಫಲ್: ಹಳೆಯದು ಕೊಳ್ಳುವುದೋ, ಹೊಸದೋ?

ಅಮೆರಿಕದಲ್ಲಿದ್ದುಕೊಂಡು ಜಿಂಕೆ ಬೇಟೆಗೆ ಲಿವರ್ ರೈಫಲ್, ಅಂದರೆ ಕೆಳಗಿನ ಹಿಡಿ (ಲಿವರ್) ಎಳೆದು ತೋಟಾ ಏರಿಸುವ ಬಂದೂಕು, ಕೊಳ್ಳುವ ಆಸೆಯೇ? ಅಂಗಡಿಗೆ ಹೋಗುವ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಎಚ್‌1ಬಿಯಂಥ ತಾತ್ಕಾಲಿಕ ವೀಸಾದವರು ಸಾಮಾನ್ಯವಾಗಿ ಬಂದೂಕು ಕೊಳ್ಳುವಂತಿಲ್ಲ. ಅಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ನಿಮ್ಮ ರಾಜ್ಯದ ಕಾನೂನನ್ನೂ ವಿಚಾರಿಸಿ.

ಈಗ ಆಯ್ಕೆ. ಸ್ಕೋಪ್ (ಗುರಿ ನೋಡುವ ದುರ್ಬೀನು) ಬೇಕಾ, ಬೇಡವಾ ಎಂದು ಮೊದಲು ತೀರ್ಮಾನಿಸಿ. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 94 ಖಾಲಿ ತೋಟಾವನ್ನು ನೇರ ಮೇಲಕ್ಕೆ ಎಸೆಯುತ್ತದೆ. ಮೇಲೆ ಸ್ಕೋಪ್ ಕೂರಿಸಿದರೆ ತೋಟಾ ಅದಕ್ಕೇ ಬಡಿಯುತ್ತದೆ. ಓರೆಯಾಗಿ ಎಸೆಯುವ ಮಾದರಿ ಬಂದಿದ್ದು 1980ರ ದಶಕದಲ್ಲಿ. 1948ರ ಮಾರ್ಲಿನ್ 336 ಮಾತ್ರ ಮೊದಲಿನಿಂದಲೂ ಪಕ್ಕಕ್ಕೇ ಎಸೆಯುತ್ತದೆ. ಪೊದೆಕಾಡಿನಲ್ಲಿ ನೂರು ಗಜದೊಳಗೆ ಹೊಡೆಯುವುದಾದರೆ ಸ್ಕೋಪ್ ಯಾಕೆ, ಅಲ್ವಾ?

ಆಮೇಲೆ ಇಸವಿ. ಹಳೆಯದೆಲ್ಲ ಗಟ್ಟಿ ಎನ್ನುವುದು ಸುಮ್ನೆ ಮಾತು. 1964ರಲ್ಲಿ ವಿಂಚೆಸ್ಟರ್ ಖರ್ಚು ಉಳಿಸಲು ಉಕ್ಕು ಕಡೆದು ಮಾಡುತ್ತಿದ್ದ ಕೆಲವು ಭಾಗಗಳನ್ನು ತಗಡು ಒತ್ತಿ ಮಾಡತೊಡಗಿತು. ಅದಕ್ಕೇ ಹಿಂದಿನವಕ್ಕೆ ಬೆಲೆ ಜಾಸ್ತಿ. 1970ರದ್ದಕ್ಕೆ ಅಷ್ಟೇ ದುಡ್ಡು ಕೇಳಿದರೆ ಎದ್ದು ಬನ್ನಿ. ವಿಂಚೆಸ್ಟರ್‌ನ ನ್ಯೂ ಹೇವನ್ ಕಾರ್ಖಾನೆ 2006ರಲ್ಲಿ ಮುಚ್ಚಿತು. ಈಗಿನವು ಜಪಾನಿನ ಮಿರೋಕು ಕಂಪನಿಯವು, ಕೆಲಸ ಅಚ್ಚುಕಟ್ಟು. ಮಾರ್ಲಿನ್ ಆದರೆ ನಳಿಗೆಯ ಬುಡದಲ್ಲಿ 'ಜೆಎಂ' ಮುದ್ರೆ ಹುಡುಕಿ. ಸಾಮಾನ್ಯವಾಗಿ ಅದು ಹಳೆಯ ಕಾರ್ಖಾನೆಯ ಗುರುತು. ರೆಮಿಂಗ್ಟನ್ ಕಂಪನಿಯ ಕೈಗೆ ಹೋದ ಮೇಲೆ ಕೆಲವು ವರ್ಷ ದೂರುಗಳು ಬಂದವು. 2020ರಲ್ಲಿ ರುಗರ್ ಕಂಪನಿ ಮಾರ್ಲಿನ್ ಅನ್ನು ಕೊಂಡಿತು. ಈಗಿನ ಮಾರ್ಲಿನ್ ಬಗ್ಗೆ ನನಗೆ ಅನುಮಾನವಿಲ್ಲ.

ಹಳೆಯದನ್ನೇ ಆರಿಸಿದಿರಾ? ಕೈಗೆ ತೆಗೆದುಕೊಂಡ ಕೂಡಲೇ ಲಿವರ್ ತೆರೆದು, ನಳಿಗೆಯೂ ಅದರ ಕೆಳಗಿನ ಕೊಳವೆ ಮ್ಯಾಗಜೀನೂ (ತೋಟಾ ತುಂಬಿಡುವ ಜಾಗ) ಖಾಲಿಯೇ ಎಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ನಳಿಗೆಯ ತುದಿಗೆ ಟಾರ್ಚ್ ಬಿಟ್ಟು ನೋಡಿ. ವಿಂಚೆಸ್ಟರ್ 94ಕ್ಕೆ ಹಿಂದಿನಿಂದ ಒರೆಸುವ ಕಡ್ಡಿ ಹಾಕಲು ದಾರಿಯಿಲ್ಲ. ಹಾಗಾಗಿ ವರ್ಷಗಟ್ಟಲೆ ನಳಿಗೆಯ ಬಾಯಿಯಿಂದಲೇ ಒರೆಸಿ, ಗುಂಡನ್ನು ತಿರುಗಿಸುವ ಒಳಗಿನ ಗೆರೆಗಳು ಅಲ್ಲೇ ಸವೆದಿರಬಹುದು. ಗೆರೆ ಸವೆದರೆ ಗುರಿ ಕೆಡುತ್ತದೆ. ಮಾರ್ಲಿನ್‌ನಲ್ಲಿ ಲಿವರಿನ ಒಂದು ಸ್ಕ್ರೂ ಬಿಚ್ಚಿದರೆ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಹೊರಬರುತ್ತದೆ, ಹಿಂದಿನಿಂದಲೇ ಒರೆಸಬಹುದು. ಸ್ಕ್ರೂ ತಲೆಗಳು ಕಿತ್ತುಹೋಗಿದ್ದರೆ ಯಾರೋ ಅರೆಬರೆ ಬಲ್ಲವರು ಬಿಚ್ಚಿದ್ದಾರೆ ಎಂದರ್ಥ. ಹೊಸದಾಗಿ ಬಣ್ಣ ಏರಿಸಿದ್ದರೆ, ಹೆಚ್ಚುವರಿ ತೂತು ಕೊರೆದಿದ್ದರೆ ಸಂಗ್ರಹಕಾರರ ಬೆಲೆ ಕೊಡಬೇಡಿ. ಬೇಟೆಗೆ ಅಂಥದ್ದೇ ವಾಸಿ, ಗೀರು ಬಿದ್ದರೂ ಹೊಟ್ಟೆ ಉರಿಯುವುದಿಲ್ಲ.

ಹಳೆಯವುಗಳಲ್ಲಿ ಬೇರೆ ಸೇಫ್ಟಿ ಗುಂಡಿ ಇಲ್ಲ. ಕುದುರೆಯನ್ನು, ಅಂದರೆ ಬಡಿದು ತೋಟಾ ಸಿಡಿಸುವ ಹ್ಯಾಮರನ್ನು, ಅರ್ಧಕ್ಕೆ ನಿಲ್ಲಿಸುವುದೇ ಸೇಫ್ಟಿ. ಮೊದಲ ಸಲ ರೈಫಲ್ ಹಿಡಿಯುವವರಿಗೆ ನಾನು ಹೊಸದನ್ನೇ ಹೇಳುತ್ತೇನೆ.

ಯಾವುದೇ ಆಗಲಿ, ಕೊಳವೆ ಮ್ಯಾಗಜೀನಿಗೆ ಚೂಪು ಮೂತಿಯ ಸಾಮಾನ್ಯ ಗುಂಡು ಬೇಡ. ಒಂದರ ಮೂತಿ ಮುಂದಿನದರ ಪ್ರೈಮರ್‌ಗೆ (ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಒತ್ತಿಕೊಂಡಿರುತ್ತದೆ, ಒದೆತಕ್ಕೆ ಒಳಗೇ ಸಿಡಿಯಬಹುದು. ಚಪ್ಪಟೆ ಮೂತಿಯದ್ದು ಅಥವಾ ಇದಕ್ಕೆಂದೇ ಮಾಡಿದ ಮೆತ್ತನೆ ತುದಿಯದ್ದು ಹಾಕಿ. ಇನ್ನು ವಿಂಚೆಸ್ಟರ್ 1873 ಕರಿಮದ್ದಿನ ಕಾಲದ್ದು. ಅಂಥ ಅಸಲಿ ರೈಫಲ್ ಕೈಗೆ ಸಿಕ್ಕರೆ ಬಂದೂಕು ರಿಪೇರಿ ಬಲ್ಲವರಿಗೆ ತೋರಿಸದೆ ಇವತ್ತಿನ ಜೋರಿನ ತೋಟಾ ತುಂಬಬೇಡಿ.