ಪಾಯಿಂಟ್ ಪ್ಲೆಸೆಂಟ್ ಪಾರ್ಕ್: ಬೇಸಿಗೆ ಬರಲಿ ಅಂತ ಕಾಯಬೇಡಿ

ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ಬಂದ ಹೊಸದರಲ್ಲಿ ಮನೆ, ಶಾಲೆ, ಬ್ಯಾಂಕು ಅಂತ ಓಡಾಟವೇ ಜಾಸ್ತಿ. ಅಷ್ಟರಲ್ಲಿ ಚಳಿ ಶುರುವಾಗುತ್ತದೆ, ಮಕ್ಕಳು ಮನೆಯೊಳಗೇ ಉಳಿಯುತ್ತಾರೆ. ಹಾಗಾಗದಿರಲಿ ಎಂದೇ ಈ ಮಾತು. ಊರಿನ ದಕ್ಷಿಣ ತುದಿಯಲ್ಲಿ ಮೂರು ಕಡೆ ನೀರಿರುವ 75 ಹೆಕ್ಟೇರ್ ಕಾಡಿದೆ. ಅದೇ ಪಾಯಿಂಟ್ ಪ್ಲೆಸೆಂಟ್ ಪಾರ್ಕ್. ಒಳಗೆ ಹೋಗಲು ದುಡ್ಡಿಲ್ಲ, ವರ್ಷವಿಡೀ ತೆರೆದಿರುತ್ತದೆ.

ಮೊದಲ ಸಲ ಹೋದಾಗ ದಡದ ದಾರಿಯಲ್ಲೇ ನಡೆಯಿರಿ. ಅಗಲವಾಗಿದೆ, ಹೆಚ್ಚು ಏರಿಳಿತವಿಲ್ಲ, ಮಗುವಿನ ಸ್ಟ್ರಾಲರ್ ತಳ್ಳಿಕೊಂಡು ಹೋಗಬಹುದು. ಒಂದು ಕಡೆ ಕಂಟೇನರ್ ಹಡಗುಗಳು, ಇನ್ನೊಂದು ಕಡೆ ನಾರ್ತ್‌ವೆಸ್ಟ್ ಆರ್ಮ್ ಎಂಬ ಕಡಲ ಚಾಚಿನಲ್ಲಿ ಹಾಯಿದೋಣಿಗಳು. ಅಜ್ಜ ಅಜ್ಜಿ ಬಂದಿದ್ದರೆ ಅವರಿಗೂ ಇದೇ ಸರಿ.

ಮಕ್ಕಳಿಗೆ ನಿಜವಾದ ಆಕರ್ಷಣೆ ಕೋಟೆಗಳು. ಕಾಡಿನ ನಡುವೆ, ಎತ್ತರದಲ್ಲಿ, ದುಂಡಗಿನ ಕಲ್ಲಿನ ಗೋಪುರವಿದೆ: ಪ್ರಿನ್ಸ್ ಆಫ್ ವೇಲ್ಸ್ ಟವರ್. ರಾಣಿ ವಿಕ್ಟೋರಿಯಾಳ ತಂದೆ, ರಾಜಕುಮಾರ ಎಡ್ವರ್ಡ್, ಇಲ್ಲಿ ಸೇನಾಧಿಕಾರಿಯಾಗಿದ್ದಾಗ 1796ರಲ್ಲಿ ಇದರ ಕೆಲಸ ಶುರು ಮಾಡಿಸಿದ. ಅಣ್ಣನ ಬಿರುದನ್ನೇ ಹೆಸರಾಗಿ ಇಟ್ಟ. ಆಗ ಫ್ರೆಂಚರ ಭಯ. ದಡದಲ್ಲಿ ಸಮುದ್ರದ ಕಡೆ ಗುರಿಯಿಟ್ಟ ಫಿರಂಗಿಗಳಿದ್ದವು. ಶತ್ರು ಬೇರೆಲ್ಲೋ ಇಳಿದು ಕಾಡಿನ ಕಡೆಯಿಂದ, ಬೆನ್ನ ಹಿಂದೆ ಬಂದರೆ? ಅದಕ್ಕೇ ಈ ಗೋಪುರ. ಗೋಪುರದ ಹತ್ತಿರ ನಿಂತು ಮಕ್ಕಳಿಗೆ ಇದೇ ಪ್ರಶ್ನೆ ಕೇಳಿ, ಉತ್ತರ ಅವರೇ ಹುಡುಕಲಿ. ಉತ್ತರ ಅಮೆರಿಕದಲ್ಲಿ ಈ ಬಗೆಯ ಗೋಪುರಗಳಲ್ಲಿ ಇದೇ ಅತಿ ಹಳೆಯದು. ಫಿರಂಗಿಗಳನ್ನು ಇಡುತ್ತಿದ್ದ ಫೋರ್ಟ್ ಓಗಿಲ್ವಿ, ಕೇಂಬ್ರಿಡ್ಜ್ ಬ್ಯಾಟರಿಗಳನ್ನೂ ನೋಡಿ. ಗೋಡೆ ಹತ್ತಲು ಮಾತ್ರ ಬಿಡಬೇಡಿ.

ಈ ಜಾಗ ಸೇನೆಯದಾಗಿತ್ತು. 1866ರಲ್ಲಿ ಬ್ರಿಟಿಷ್ ಸರ್ಕಾರ ಇದನ್ನು ಊರಿಗೆ 999 ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಬಾಡಿಗೆ ವರ್ಷಕ್ಕೆ ಒಂದು ಶಿಲ್ಲಿಂಗ್!

ಚಳಿಗಾಲದಲ್ಲಿ ಹಿಮಕ್ಕಿಂತ ಮಂಜುಗಡ್ಡೆಯ ಬಗ್ಗೆ ಎಚ್ಚರ ಬೇಕು. ಇಲ್ಲಿ ಹಿಮ ಬೀಳುತ್ತದೆ, ಮಳೆ ಬರುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಬೂಟಿನ ತಳಕ್ಕೆ ಸಿಕ್ಕಿಸುವ ಐಸ್ ಕ್ಲೀಟ್ಸ್ ಕೊಳ್ಳಿ. ಒಂದೇ ದಪ್ಪ ಜಾಕೆಟ್‌ಗಿಂತ ಎರಡು ಮೂರು ಪದರ ಬಟ್ಟೆ ಒಳ್ಳೆಯದು. ದಡದಲ್ಲಿ ಗಾಳಿ ಜೋರಾಗಿದ್ದರೆ ಒಳಗಿನ ದಾರಿ ಹಿಡಿಯಿರಿ, ಮರಗಳು ತಡೆಯುತ್ತವೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ, ಹಾಗಾಗಿ ಮಧ್ಯಾಹ್ನದ ಊಟ ಮುಗಿಸಿದ ಕೂಡಲೇ ಹೊರಡಿ.

ಚಳಿ ಕಡಿಮೆಯಾದಂತೆ ಟಿಕ್ ಎಂಬ, ರಕ್ತ ಹೀರುವ ಸಣ್ಣ ಉಣ್ಣಿಯ ಕಾಟ. ತಾಪಮಾನ 4 ಡಿಗ್ರಿ ದಾಟಿದರೆ ಸಾಕು, ಅವು ಓಡಾಡುತ್ತವೆ. ಕಪ್ಪು ಕಾಲಿನ ಉಣ್ಣಿಯಿಂದ ಲೈಮ್ ಕಾಯಿಲೆ ಬರಬಹುದು. ಹುಲ್ಲು, ಪೊದೆಯೊಳಗೆ ನುಗ್ಗಬೇಡಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಮನೆಗೆ ಬಂದ ಮೇಲೆ ಮಕ್ಕಳ ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ, ಕೂದಲೊಳಗೆ ನೋಡಿ. ಕಚ್ಚಿಕೊಂಡಿದ್ದರೆ ಎಣ್ಣೆ ಹಚ್ಚುವುದು, ಸುಡುವುದು ಬೇಡ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಆಮೇಲೆ ಆರೋಗ್ಯ ಸಲಹೆಯ ಸಹಾಯವಾಣಿ 811ಕ್ಕೆ ಫೋನ್ ಮಾಡಿ ಅಥವಾ ಫಾರ್ಮಸಿಯಲ್ಲಿ ಕೇಳಿ. ಇದಕ್ಕೆ ಹೆದರಿ ಹೋಗುವುದನ್ನೇ ಬಿಡಬೇಡಿ.

ಬೇಸಿಗೆಗೆ ಬುತ್ತಿ ಕಟ್ಟಿಕೊಂಡು ಹೋಗಿ, ಆದರೆ ಬೆಂಕಿ ಹಚ್ಚಬೇಡಿ. ಸಂಜೆ ಬಯಲಲ್ಲಿ 'ಷೇಕ್ಸ್‌ಪಿಯರ್ ಬೈ ದ ಸೀ' ತಂಡದ ನಾಟಕಗಳಿರುತ್ತವೆ. ಸ್ವೆಟರ್ ಇರಲಿ, ಜುಲೈನಲ್ಲೂ ಸಂಜೆ ತಣ್ಣಗಾಗುತ್ತದೆ.

ನಾಯಿ ಬಿಡುವ ಜಾಗ, ಸೈಕಲ್‌ಗೆ ಅನುಮತಿಯಿರುವ ದಿನ ಎಲ್ಲವನ್ನೂ ಬಾಗಿಲ ಬಳಿಯ ಫಲಕದಲ್ಲಿ ಓದಿ. ಬಿರುಗಾಳಿ ಬಂದು ಹೋದ ಮೇಲೆ ಪಾರ್ಕ್ ತೆರೆದಿದೆಯಾ ಎಂದು ನಗರಸಭೆಯ ವೆಬ್‌ಸೈಟ್‌ನಲ್ಲಿ ನೋಡಿಯೇ ಹೊರಡಿ. 2003ರ ಸೆಪ್ಟೆಂಬರ್‌ನಲ್ಲಿ ಹ್ವಾನ್ ಚಂಡಮಾರುತ ಇಲ್ಲಿಯ ಬಹುಪಾಲು ಮರಗಳನ್ನು ಒಂದೇ ರಾತ್ರಿಯಲ್ಲಿ ಉರುಳಿಸಿತು. ಈಗ ಕಾಣುವ ಎಳೆಯ ಮರಗಳು ಅದರ ನಂತರ ಬೆಳೆದವು, ಅವುಗಳ ನಡುವೆ ಹೊಸ ಅಡ್ಡದಾರಿ ತುಳಿಯಬೇಡಿ.